ಕಬ್ಬಿಣದ ಬೇಲಿಯೊಳಗೆ ಹನ್ನೊಂದು ಕಲ್ಲು

ನಮ್ಮ ಕೌಂಟಿಯಲ್ಲಿ ಮನುಷ್ಯರು ಎರಡೇ ಬಗೆ. ರೈಲು ಬರುವ ಮೊದಲು ಬಂದವರು, ರೈಲು ಬಂದ ಮೇಲೆ ಬಂದವರು. ಮೊದಲಿನವರು ಎತ್ತಿನ ಗಾಡಿಯಲ್ಲಿ ಬಂದರು, ಹುಲ್ಲುಬೇರಿನ ಮಣ್ಣನ್ನು ಇಟ್ಟಿಗೆಯ ಹಾಗೆ ಕತ್ತರಿಸಿ ಮನೆ ಕಟ್ಟಿದರು, ಅರ್ಧ ಮಕ್ಕಳನ್ನು ಹೂತರು, ಊರಿಗೆ ತಮ್ಮ ಹೆಸರಿಟ್ಟರು. ಆಮೇಲಿನವರು ಟಿಕೆಟ್ಟು ತೆಗೆದುಕೊಂಡು ಬಂದರು. ಮೊದಲಿನವರ ವಂಶದವರಿಗೆ ನಮ್ಮ ‘ಮೊದಲಿಗರ ಸಂಘ’ ಒಂದು ಪ್ರಮಾಣಪತ್ರ ಕೊಡುತ್ತದೆ. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂದು ತೀರ್ಮಾನಿಸುವವಳು ನಾನು, ಇಮೊಜೀನ್ ಟಾಲಿವರ್. ನಲವತ್ತೊಂದು ವರ್ಷ ಮಕ್ಕಳಿಗೆ ಪಾಠ ಹೇಳಿದೆ. ನನಗೀಗ ಎಪ್ಪತ್ತೊಂಬತ್ತು. ನಮ್ಮ ಊರಿನ ಹೆಸರೂ ಟಾಲಿವರ್.

ಶ್ರೀಮತಿ ಫ್ರೀಸನ್ ಎನ್ನುವವಳು ನಾಲ್ಕು ವರ್ಷದಿಂದ ಅರ್ಜಿ ಹಾಕುತ್ತಿದ್ದಳು. ಅವಳ ಮುತ್ತಜ್ಜ ಬಂದದ್ದು ರೈಲು ಬಂದ ಹನ್ನೊಂದು ವಾರದ ಮೇಲೆ. “ಹನ್ನೊಂದೇ ವಾರ ಕಣಮ್ಮ, ದಾರೀಲಿ ಗಾಡಿ ಅಚ್ಚು ಮುರೀತಂತೆ,” ಎಂದು ಗೋಗರೆದಳು. ಹಾಗಾದರೆ ಗಟ್ಟಿ ಅಚ್ಚಿನ ಗಾಡಿ ತರಬೇಕಿತ್ತು ಎಂದೆ. ಚರ್ಚಿನ ಬಾಗಿಲಲ್ಲೇ ಅತ್ತಳು. ಜನ ನನ್ನನ್ನು ಕಲ್ಲುಮನಸ್ಸಿನವಳು ಎನ್ನುತ್ತಾರೆ. ಅನ್ನಲಿ. ಕಲ್ಲು ಕಾಯುವುದೇ ನನ್ನ ಕೆಲಸ.

ಊರಾಚೆ ರಸ್ತೆಯ ಬಡಗಣ ಬದಿಗೆ ನಮ್ಮ ಹಳೆಯ ಸ್ಮಶಾನವಿದೆ. ಅದರ ನಡುವೆ ಕಬ್ಬಿಣದ ಬೇಲಿ, ಬೇಲಿಯೊಳಗೆ ಒಂದೇ ಸಾಲಿನಲ್ಲಿ ಹನ್ನೊಂದು ಬಿಳಿ ಕಲ್ಲು. ಮೊದಲನೆಯದು ನನ್ನ ಮುತ್ತಜ್ಜ ಎಬನ್‌ನದು. ಅವನನ್ನು ಗಾಡಿಯ ಹಲಗೆಗಳಲ್ಲೇ ಪೆಟ್ಟಿಗೆ ಮಾಡಿ ಹೂತರು. ಸತ್ತ ಎತ್ತಿನ ಕೊರಳ ಗಂಟೆಯನ್ನು, ಸೀಳಿದ ಕಡೆ ತಾಮ್ರದ ಮೊಳೆ ಹೊಡೆದು ಬೆಸೆದಿದ್ದ ಗಂಟೆಯನ್ನು, ಕೈಯಲ್ಲಿಟ್ಟು ಹೂತರು. ಇದನ್ನೆಲ್ಲ ನನ್ನ ಪುಸ್ತಕದಲ್ಲಿ ಬರೆದಿದ್ದೇನೆ. ಇಪ್ಪತ್ತೆರಡು ವರ್ಷ ಕೂತು ಬರೆದ ಪುಸ್ತಕ.

ಈ ಕಲ್ಲುಗಳು ಮೊದಲು ಅಲ್ಲಿರಲಿಲ್ಲ. ರಸ್ತೆಯ ತೆಂಕಣ ಬದಿಯಲ್ಲಿ, ಕಾಟನ್‌ವುಡ್ ಮರಗಳಿರುವ ದಿಣ್ಣೆಯ ಮೇಲೆ, ಅಡ್ಡಾದಿಡ್ಡಿ ನಿಂತಿದ್ದವು. ದನ ತುಳಿಯುತ್ತಿದ್ದವು. ೧೯೩೮ರಲ್ಲಿ, ಮೇ ಕೊನೆಗೆ ಊರವರೆಲ್ಲ ಗೋರಿಗಳಿಗೆ ಹೂವಿಡುವ ದಿನಕ್ಕೆ, ರಾಜ್ಯಪಾಲರು ಬರುತ್ತಾರೆ ಎಂದಾಗ ನನ್ನ ಅಜ್ಜಿ ಅಗಸ್ಟಾ ಮೈಕೊಡವಿ ಎದ್ದಳು. ಬೇಲಿ ಮಾಡಿಸಿದಳು, ಸತ್ತವರನ್ನೆಲ್ಲ ಈಚೆಗೆ ತರಿಸಿದಳು. ಆ ದಿನ ನನಗೆ ಆರು ವರ್ಷ. ಬಿಳಿ ಬೂಟು ಹಾಕಿಕೊಂಡು ಹನ್ನೊಂದು ಹೆಸರನ್ನೂ ಬಾಯಿಪಾಠ ಒಪ್ಪಿಸಿದ್ದೆ. ಇವತ್ತಿಗೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ಅಪ್ಪ ಅಮ್ಮ ಧೂಳು ಬಿರುಗಾಳಿಯ ವರ್ಷಗಳಲ್ಲಿ ನಮ್ಮಿಬ್ಬರನ್ನು ಅಜ್ಜಿಯ ಬಳಿ ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಹೋದರು. ಅಲ್ಲೇ ಸತ್ತರು, ಅಲ್ಲೇ ಮಣ್ಣಾದರು. ಅವರ ಸುದ್ದಿ ಬೇಡ. ನಮ್ಮಿಬ್ಬರನ್ನು ಎಂದರೆ ನನ್ನನ್ನು ಮತ್ತು ಅಕ್ಕ ವೆಲ್ಡಾಳನ್ನು. ವೆಲ್ಡಾ ನನಗಿಂತ ಎರಡು ವರ್ಷ ದೊಡ್ಡವಳು, ಆದರೆ ಪುಕ್ಕಲು. ಒಬ್ಬಳೇ ಮಲಗಲಾರಳು. ಚಳಿಗಾಲದಲ್ಲಿ ತಣ್ಣಗಿನ ಕಾಲು ಹೊತ್ತು ನನ್ನ ಹಾಸಿಗೆಗೆ ನುಸುಳುತ್ತಿದ್ದಳು, ನಾನು ಒದ್ದು ಆಚೆ ತಳ್ಳುತ್ತಿದ್ದೆ, ಮತ್ತೆ ಬರುತ್ತಿದ್ದಳು.

ಅಂಥವಳು ಹೋಗಿ ಹೋಗಿ ಎಮಿಲ್ ಕುಬಾಟ್‌ನನ್ನು ಮದುವೆಯಾದಳು. ಯೂರೋಪಿನ ಬೊಹೀಮಿಯದವರು, ೧೯೦೪ರಲ್ಲಿ ಬಂದವರು. ಎಮಿಲನ ಅಪ್ಪ ವೆನ್ಸಿಲ್ ನಮ್ಮ ಸ್ಮಶಾನದ ಗುಂಡಿ ತೋಡುವವನು. ಅಪ್ಪನಾದ ಮೇಲೆ ಮಗನೂ ಅದೇ. ಎಮಿಲನನ್ನು ನಾನು ಒಂದು ದಿನವೂ ಭಾವ ಎಂದು ಕರೆದವಳಲ್ಲ. ನನ್ನ ಪುಸ್ತಕದಲ್ಲಿ ವೆಲ್ಡಾಳ ಹೆಸರಿನ ಮುಂದೆ ‘ವಿವಾಹಿತೆ’ ಎಂದಷ್ಟೇ ಇದೆ. ಯಾರನ್ನು ಎಂದಿಲ್ಲ. ಅದನ್ನು ಓದಿ ವೆಲ್ಡಾ ನಕ್ಕಳು, “ಇಮೊ, ನೀನು ಸುಧಾರಿಸೋಳಲ್ಲ,” ಎಂದಳು. ಎಮಿಲ್ ಕಲ್ಲು ತೊಳೆಯುವ ಮೆತ್ತನೆಯ ಬ್ರಷ್ಷು, ಬಕೆಟ್ಟು ತೆಗೆದುಕೊಂಡು ಎಬನ್‌ನ ಕಲ್ಲು ತೊಳೆಯಲು ಹೋದ.

ಅವನ ಕೆಲಸಕ್ಕೆ ಹೆಸರಿಡುವ ಹಾಗಿರಲಿಲ್ಲ, ಅದನ್ನು ಒಪ್ಪುತ್ತೇನೆ. ಒಂದು ವಿಷಯ ಮಾತ್ರ ನನಗೆ ತಮಾಷೆ. ಹಳೆಯ ಗೋರಿ ಎಂದರೆ ನೆಲ ಕುಸಿಯುತ್ತದೆ. ಕೆಳಗೆ ಹಲಗೆ ಕೊಳೆತಂತೆಲ್ಲ ಮೇಲೆ ಹಳ್ಳ ಬೀಳುತ್ತದೆ, ಪ್ರತಿ ವಸಂತದಲ್ಲೂ ಮಣ್ಣು ತುಂಬಬೇಕು. ನಮ್ಮ ಬೇಲಿಯೊಳಗೆ ಒಂದು ಬೊಗಸೆ ಮಣ್ಣೂ ಬೇಕಾಗಿರಲಿಲ್ಲ, ನೆಲ ಮೇಜಿನಷ್ಟು ಸಮ. ಎಮಿಲ್ ಮಾತ್ರ ರಸ್ತೆಯಾಚೆಯ ಖಾಲಿ ದಿಣ್ಣೆಗೆ ವರ್ಷವರ್ಷವೂ ಗಾಡಿಗಟ್ಟಲೆ ಮಣ್ಣು ಸಾಗಿಸುತ್ತಿದ್ದ. ಅಲ್ಲಿ ಬೇರೆ ಯಾರನ್ನೂ ಹೂಳಗೊಡುತ್ತಿರಲಿಲ್ಲ, ನೀರು ನಿಲ್ಲುತ್ತದೆ ಎನ್ನುತ್ತಿದ್ದ. ಅಲ್ಲಿದ್ದದ್ದು ನಮ್ಮ ಅಜ್ಜಿಯ ಕಲ್ಲೊಂದೇ. ಬೇಲಿ ಕಟ್ಟಿಸಿದವಳೇ ತನ್ನನ್ನು ಬೇಲಿಯಾಚೆ ದಿಣ್ಣೆಯ ಮೇಲೆ ಹೂಳಿರೆಂದು ಬರೆದಿಟ್ಟು ಸತ್ತಳು. ಎಂಥ ವಿನಯ ಎಂದು ಊರೆಲ್ಲ ಹೊಗಳಿತು. ಆ ವಿನಯಕ್ಕೆ ನನ್ನ ಪುಸ್ತಕದಲ್ಲಿ ಎರಡು ಪುಟ ಕೊಟ್ಟಿದ್ದೇನೆ. “ನೋಡು ಎಮಿಲ್,” ಎಂದು ನಾನು ಅಣಕಿಸುತ್ತಿದ್ದೆ, “ಟಾಲಿವರ್‌ಗಳು ಮಲಗಿರೋ ನೆಲ ಕುಸಿಯಲ್ಲ.” ಅವನು ಟೋಪಿ ಸರಿಮಾಡಿಕೊಳ್ಳುತ್ತಿದ್ದ.

ಎಂಟು ವರ್ಷದ ಹಿಂದೆ ವೆಲ್ಡಾ ಸತ್ತಳು. ಎಮಿಲ್ ಬಂದು, ಅವಳನ್ನು ದಿಣ್ಣೆಯ ಮೇಲೆ ಅಜ್ಜಿಯ ಪಕ್ಕ ಇಡೋಣವೇ ಎಂದು ಕೇಳಿದ. ನಾನು ಕಡ್ಡಿ ಮುರಿದಂತೆ ಹೇಳಿದೆ: “ಅವಳು ಹುಟ್ಟಿದ್ದು ಟಾಲಿವರ್, ಬೇಲಿಯೊಳಗೇ ಮಲಗಬೇಕು. ಎರಡು ಜಾಗ ಉಳಿದಿದೆ. ಒಂದು ಅವಳಿಗೆ, ಒಂದು ನನಗೆ.” ಅವನು ತಾನೇ ಗುಂಡಿ ತೋಡಿದ. ನಾನು ಕೊಡೆ ಹಿಡಿದು ನಿಂತು ಅಳತೆ ನೋಡಿದೆ.

ಈ ವರ್ಷ ಮಾರ್ಚಿನಲ್ಲಿ, ಹಿಮ ಇನ್ನೂ ಕರಗುತ್ತಿದ್ದಾಗ, ಎಮಿಲ್ ನಮ್ಮ ಮನೆಗೆ ಬಂದ. ಎಂಬತ್ಮೂರು ವರ್ಷ, ಶ್ವಾಸಕೋಶದಲ್ಲಿ ಗಡ್ಡೆ. ಹೂವಿಡುವ ದಿನ ನೋಡುವುದು ಅನುಮಾನ ಎಂದು ಡಾಕ್ಟರು ಹೇಳಿದ್ದರು. ಕೈಯಲ್ಲಿ ದಾರ ಕಟ್ಟಿದ ಒಂದು ಪೊಟ್ಟಣ. ಅಡುಗೆಮನೆಯ ಕುರ್ಚಿಯಲ್ಲಿ ಕೂತ. ನಾನು ಕಾಫಿ ಕೊಡಲಿಲ್ಲ.

“ಇಮೊ, ಬೇಲಿಯೊಳಗೆ ಒಂದು ಜಾಗ ಉಳಿದಿದೆಯಲ್ಲ.”

“ಉಳಿದಿದೆ. ನನ್ನದು.”

“ಅದನ್ನ ನಂಗೆ ಕೊಡ್ತೀಯಾ ಅಂತ ಕೇಳೋಕೆ ಬಂದೆ.”

ನನಗೆ ನಗು ತಡೆಯಲಾಗಲಿಲ್ಲ. “ನಿಂಗೆ? ೧೯೦೪ರಲ್ಲಿ ಬಂದೋರಿಗೆ? ಹನ್ನೊಂದು ವಾರ ತಡವಾಯ್ತು ಅಂತ ಫ್ರೀಸನ್‌ಗಳಿಗೆ ಬರೀ ಒಂದು ಕಾಗದ ಕೊಟ್ಟಿಲ್ಲ ನಾನು.”

“ನಂಗೆ ಕಾಗದ ಬೇಡ. ವೆಲ್ಡಾ ಅಲ್ಲಿ ಒಬ್ಬಳೇ ಇದ್ದಾಳೆ.”

“ಒಬ್ಬಳೇ ಯಾಕೆ? ಸುತ್ತ ಹನ್ನೊಂದು ಜನ ಇದ್ದಾರೆ. ಜೀವಮಾನವೆಲ್ಲ ಕುಬಾಟ್‌ಗಳ ಮಧ್ಯೆ ಇದ್ದಳು, ಸತ್ತ ಮೇಲಾದ್ರೂ ತನ್ನೋರ ಜೊತೆ ಇರ್ಲಿ ಬಿಡು.”

ಅವನಿಗೆ ಕೆಮ್ಮು ಬಂತು, ಮುಗಿಯುವವರೆಗೂ ಮೇಜು ಹಿಡಿದುಕೊಂಡಿದ್ದ. ಆಮೇಲೆ ಪೊಟ್ಟಣವನ್ನು ನನ್ನತ್ತ ತಳ್ಳಿದ.

“ಇದನ್ನ ಓದು. ಓದಿ ಆಮೇಲೆ ಹೇಳು.”

“ಏನಿದು? ನಿಮ್ಮಪ್ಪ ಎಷ್ಟು ಗುಂಡಿ ತೋಡಿದ ಅಂತ ಪಟ್ಟೀನಾ?”

“ಹೂಂ. ಹಾಗೇ ಅಂದ್ಕೋ. ಓದು, ಸಾಕು.”

ಅವನು ಹೋದ ಮೇಲೆ ಅದನ್ನು ಚಮಚಗಳ ಡ್ರಾಯರಿನಲ್ಲಿ ಎಸೆದೆ. ಗುಂಡಿ ತೋಡುವವನ ಪಟ್ಟಿ ಓದಲು ನನಗೇನು ಬಂದಿತ್ತು? ಈ ವರ್ಷವೇ ರಾಜ್ಯದವರು ನಮ್ಮ ಬೇಲಿಗೆ ಕಂಚಿನ ಫಲಕ ಮಂಜೂರು ಮಾಡಿದ್ದರು, ಹೂವಿಡುವ ದಿನ ಅನಾವರಣ. ಅದಕ್ಕೆ ಭಾಷಣ ಬರೆಯುತ್ತಿದ್ದೆ. ವಾರ ಬಿಟ್ಟು ಸಂಘದ ಹಾಳೆಯ ಮೇಲೆ ಅವನಿಗೆ ಪತ್ರ ಟೈಪು ಮಾಡಿದೆ. ‘ನಿಮ್ಮ ಕೋರಿಕೆಯನ್ನು ಪರಿಶೀಲಿಸಲಾಯಿತು. ಬೇಲಿಯೊಳಗಿನ ನೆಲ ಮೊದಲಿಗರ ರಕ್ತಸಂಬಂಧಿಗಳಿಗೆ ಮಾತ್ರ ಮೀಸಲು.’ ಕೆಳಗೆ ಸಹಿ, ಮೊಹರು. ಅವನಿಗೆ ಫೋನು ಮಾಡಿ ಹೇಳಬಹುದಿತ್ತು. ಮೊಹರು ಇರಲಿ ಅನ್ನಿಸಿತು.

ಮೇ ಎರಡನೇ ವಾರ ಎಮಿಲ್ ಸತ್ತ. ಮಗಳು ರೋಸಾಲಿ ಫೋನಿನಲ್ಲಿ ಅಳುತ್ತಾ, “ಚಿಕ್ಕಮ್ಮಾ, ಅಪ್ಪನಿಗೆ ಎಲ್ಲಿ ಜಾಗ?” ಎಂದು ಕೇಳಿದಳು. ಸ್ಮಶಾನದ ಮೂಲೆಯಲ್ಲಿದ್ದ ಕುಬಾಟ್‌ಗಳ ಸಾಲು ತುಂಬಿಹೋಗಿತ್ತು. ನಾನು ಎರಡು ಸಲ ಯೋಚಿಸಲಿಲ್ಲ. ಅಷ್ಟು ವರ್ಷ ಮುದ್ದು ಮಾಡಿದನಲ್ಲ ಆ ದಿಣ್ಣೆಯನ್ನು, ನೀರು ನಿಲ್ಲುತ್ತದೆ ಎಂದು ಯಾರನ್ನೂ ಬಿಡಲಿಲ್ಲವಲ್ಲ, ಅಲ್ಲೇ ನೆನೆಯಲಿ ಎಂದುಕೊಂಡೆ. ಆದರೆ ಅಜ್ಜಿಯ ಪಕ್ಕಕ್ಕಲ್ಲ, ಅವಳಿಂದ ದೂರ, ಮರದ ಕೆಳಗೆ. ಇದನ್ನು ಯೋಚಿಸುವಾಗ ಮನಸ್ಸಿಗೆ ಹಾಯೆನಿಸಿತು. ಸುಳ್ಳೇಕೆ ಹೇಳಲಿ?

ಈಗ ಗುಂಡಿ ತೋಡುವವನು ಡ್ವೇನ್ ಫ್ರೀಸನ್, ಆ ಹನ್ನೊಂದು ವಾರದ ಶ್ರೀಮತಿ ಫ್ರೀಸನ್‌ಳ ಮಗ. ಮೂರನೇ ತರಗತಿಯಲ್ಲಿ ನನ್ನ ಕೈಯಲ್ಲಿ ಕಲಿತವನು. ಅಗೆಯುವ ಯಂತ್ರ ತಂದಿದ್ದ. ಬೆಳಿಗ್ಗೆ ಹತ್ತಕ್ಕೆ ಫೋನು ಬಂತು.

“ಟೀಚರ್, ಬೇಗ ಬನ್ನಿ. ಇಲ್ಲಿ ಮೊದಲೇ ಯಾರೋ ಇದ್ದಾರೆ.”

ಹೋದೆ. ಗುಂಡಿಯ ಬದಿಯ ಮಣ್ಣಿನಲ್ಲಿ ಕಪ್ಪಾದ ಹಲಗೆಯ ಚೂರು, ಕಂದು ಮೂಳೆ. ಅದರ ಪಕ್ಕ ಮುಷ್ಟಿಗಿಂತ ದೊಡ್ಡದೊಂದು ಮಣ್ಣಿನ ಹೆಂಟೆ. ಡ್ವೇನ್ ಅದನ್ನು ಬೂಟಿನಿಂದ ಉರುಳಿಸಿದ. ಒಳಗೆ ಏನೋ ಕಟಕ್ಕೆಂದಿತು. ನಾನು ಬಗ್ಗಿ ಎತ್ತಿಕೊಂಡು ಉಗುರಿನಿಂದ ಮಣ್ಣು ಕೆರೆದೆ. ಗಂಟೆ. ಒಂದು ಬದಿ ಸೀಳಿತ್ತು. ಸೀಳಿನ ಉದ್ದಕ್ಕೂ ಹಸಿರುಗಟ್ಟಿದ ತಾಮ್ರದ ಮೊಳೆಗಳು.

ರಸ್ತೆಯಾಚೆ ಬೇಲಿಯೊಳಗೆ ಎಬನ್‌ನ ಕಲ್ಲು ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು. ಎಬನ್ ನನ್ನ ಕಾಲಡಿ ಇದ್ದ. ಸುತ್ತ ನೋಡಿದೆ. ಎಮಿಲ್ ಮಣ್ಣು ತುಂಬುತ್ತಿದ್ದ ಜಾಗಗಳು ಹಸಿ ಹುಲ್ಲಿನಿಂದ ಬೇರೆಯಾಗಿಯೇ ಕಾಣುತ್ತಿದ್ದವು. ಉದ್ದ ಕೆಲವು, ಗಿಡ್ಡ ಕೆಲವು. ಹನ್ನೊಂದು. ಅಜ್ಜಿಯ ಕಲ್ಲು ಅವುಗಳಲ್ಲಿ ಒಂದಕ್ಕೆ ಒತ್ತಿಕೊಂಡೇ ಇತ್ತು. ವಿನಯವಂತೆ! ಮುದುಕಿ ತನ್ನ ಗಂಡನ ಪಕ್ಕ ಹೋಗಿ ಮಲಗಿದ್ದಳು.

“ಶೆರಿಫ್‌ಗೆ ಹೇಳ್ಬೇಕಲ್ವಾ ಟೀಚರ್? ಮೂಳೆ ಸಿಕ್ಕಿದ್ರೆ ಹೇಳ್ಬೇಕಂತೆ.”

“ಇದು ದನದ ಮೂಳೆ ಡ್ವೇನ್.”

“ದನಾನ ಪೆಟ್ಟಿಗೇಲಿ ಹಾಕಿ ಹೂಳ್ತಾರಾ?”

ಮೂರನೇ ತರಗತಿಯಲ್ಲಿ ಇಷ್ಟು ಚುರುಕಿರಲಿಲ್ಲ ಪೋರ. ನಾನು ಅವನನ್ನೇ ನೋಡುತ್ತ, “ನಿಮ್ಮಮ್ಮನ ಅರ್ಜಿ ಮತ್ತೆ ನೋಡಿದೆ,” ಎಂದೆ. “ಗಾಡಿ ಅಚ್ಚು ಮುರಿದದ್ದು ಅವರ ತಪ್ಪಲ್ಲ. ನಾಳೆ ಸಹಿ ಹಾಕ್ತೀನಿ.”

ಅವನ ಕಿವಿ ಕೆಂಪಾಯಿತು. ಟೋಪಿ ತೆಗೆದ, ಹಾಕಿಕೊಂಡ.

“ದನದ್ದೇ ಇರ್ಬೇಕು ಟೀಚರ್.”

ಗಂಟೆಯನ್ನು ನಾನೇ ಕೆಳಗೆ ಹಾಕಿದೆ. ಮಣ್ಣು ಮುಚ್ಚಿಸಿದೆ. ಎಮಿಲ್‌ಗೆ ಇನ್ನೊಂದು ಗುಂಡಿ ದಿಣ್ಣೆಯ ಕೆಳಗೆ, ರಸ್ತೆಯ ಚರಂಡಿಯ ಬದಿ, ಜಲ್ಲಿ ರಾಶಿಯ ಹಿಂದೆ ತೋಡಿಸಿದೆ. ಯಾರೂ ಇಲ್ಲದ ಜಾಗ ಎಂದು ಖಾತ್ರಿಯಿದ್ದದ್ದು ಅದೊಂದೇ. ಮಾರನೇ ದಿನ ಅವನನ್ನು ಅಲ್ಲಿ ಹೂತರು. ಲಾರಿಗಳು ಹೋಗುವಾಗ ಪಾದ್ರಿ ಪ್ರಾರ್ಥನೆ ನಿಲ್ಲಿಸಿ ನಿಲ್ಲಿಸಿ ಹೇಳಬೇಕಾಯಿತು.

ಮನೆಗೆ ಬಂದು ಕೋಟು ಕೂಡ ಬಿಚ್ಚದೆ ಚಮಚದ ಡ್ರಾಯರು ಎಳೆದೆ. ದಾರ ಕತ್ತರಿಸಿದೆ. ಎಣ್ಣೆಬಟ್ಟೆಯ ರಟ್ಟಿನ ಒಂದು ಟಿಪ್ಪಣಿ ಪುಸ್ತಕ. ವೆನ್ಸಿಲ್ ಕುಬಾಟ್‌ನ ಪೆನ್ಸಿಲ್ ಅಕ್ಷರ, ಅರೆಬರೆ ಕಲಿತ ಭಾಷೆ.

‘ಮೇ ೧೯, ೧೯೩೮. ಮೊದಲನೆ ಗೋರಿ ತೆಗೆದೆ. ಮಗು ಇತ್ತು. ಕೂದಲು ಇತ್ತು. ಶ್ರೀಮತಿ ಟಾಲಿವರ್‌ಗೆ ಹೇಳಿದೆ, ಇನ್ನೊಂದು ತೆಗೆಯೋದಿಲ್ಲ. ಅವರು ಅತ್ತರು. ಆಮೇಲೆ ಹೇಳಿದರು, ಹಾಗಾದರೆ ಕಲ್ಲು ಮಾತ್ರ ತಾ, ಯಾರಿಗೂ ಹೇಳಬೇಡ. ಮಗು ತಿರುಗಿ ಮುಚ್ಚಿದೆ.’

ಅದರ ಕೆಳಗೆ ಹನ್ನೊಂದು ಹೆಸರು. ಪ್ರತಿ ಹೆಸರಿನ ಮುಂದೆ ದೊಡ್ಡ ಮರದಿಂದ ಎಷ್ಟು ಹೆಜ್ಜೆ ಎಂದು ಬರೆದು, ‘ಕೆಳಗೇ ಇದ್ದಾರೆ’ ಎಂದು ಮುಗಿಸಿದ್ದ. ಹನ್ನೊಂದು ಸಲ ಅದೇ. ಕೊನೆಯ ಪುಟದಲ್ಲಿ ಎಮಿಲನ ಕೈಬರಹ, ಈ ಮಾರ್ಚಿನದು.

‘ಇಮೊ, ವೆಲ್ಡಾಗೆ ಇದು ಮೊದಲಿಂದ ಗೊತ್ತು. ನೀನು ಪುಸ್ತಕ ಬರೆಯುವಾಗ ಹೇಳಿಬಿಡೋಣ ಅಂದೆ. ಬೇಡ, ಇಮೊಗೆ ಇರೋದು ಅದೊಂದೇ ಅಂದಳು. ಸಾಯುವಾಗಲೂ ಅದನ್ನೇ ಅಂದಳು, ಇಮೊ ಎಲ್ಲಿ ಹೇಳ್ತಾಳೋ ಅಲ್ಲೇ ಇಡು, ಅವಳ ಮನಸ್ಸು ಮುರೀಬೇಡ. ಹಾಗೇ ಮಾಡಿದೆ. ಎಂಟು ವರ್ಷದಿಂದ ಬೇಲಿಯೊಳಗೆ ಹುಲ್ಲು ಕತ್ತರಿಸ್ತಾ ಇದೀನಿ. ಅಷ್ಟು ದೊಡ್ಡ ಜಾಗದಲ್ಲಿ ಅವಳು ಒಬ್ಬಳೇ. ಅವಳಿಗೆ ಅದು ಆಗಲ್ಲ ಅಂತ ನಿಂಗೂ ಗೊತ್ತು. ದಿಣ್ಣೆ ಮೇಲೆ ನಿಮ್ಮಜ್ಜಿಯ ಎಡಗಡೆ ಖಾಲಿ ಜಾಗ ಇದೆ, ನಿನಗೇ ಅಂತ ಇಟ್ಟಿದೀನಿ. ನೀನು ನಿನ್ನೋರ ಹತ್ರ ಹೋಗು, ನಾನು ನನ್ನೋಳ ಹತ್ರ ಹೋಗ್ತೀನಿ. ಯಾರಿಗೂ ಏನೂ ಹೇಳಬೇಕಾಗಿಲ್ಲ.’

ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಮಾರ್ಚಿನಲ್ಲಿ ದಾರ ಬಿಚ್ಚಿದ್ದರೆ ಒಂದು ‘ಹೂಂ’ ಸಾಕಿತ್ತು. ವಯಸ್ಸಾಯಿತು, ಮನಸ್ಸು ಕರಗಿತು ಎಂದು ಊರು ನನ್ನನ್ನೂ ಹೊಗಳುತ್ತಿತ್ತು. ಈಗ ಅವನನ್ನು ಚರಂಡಿಯ ಬದಿಯಿಂದ ಎತ್ತಿಸಬೇಕೆಂದರೆ ಕೋರ್ಟಿಗೆ ಅರ್ಜಿ ಹಾಕಬೇಕು, ಅರ್ಜಿಯಲ್ಲಿ ಕಾರಣ ಬರೆಯಬೇಕು. ಕಾರಣ ಬರೆದರೆ ಬೇಲಿ ಹೋಯಿತು, ಫಲಕ ಹೋಯಿತು, ಪುಸ್ತಕ ಹೋಯಿತು, ಅಜ್ಜಿಯೂ ಹೋದಳು. ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ವೆನ್ಸಿಲ್‌ನ ಟಿಪ್ಪಣಿ ಪುಸ್ತಕವನ್ನು ಒಲೆಗೆ ಹಾಕಿದೆ. ಎಣ್ಣೆಬಟ್ಟೆ ಕೆಟ್ಟ ವಾಸನೆ ಬಂತು, ಕಿಟಕಿ ತೆರೆದಿಟ್ಟೆ.

ಹೂವಿಡುವ ದಿನ ಬಿಸಿಲು ಚೆನ್ನಾಗಿತ್ತು. ಇನ್ನೂರು ಜನ ಸೇರಿದ್ದರು. ಬ್ಯಾಂಡು ಬಾರಿಸಿದರು, ಫಲಕದ ಮೇಲಿನ ಬಟ್ಟೆ ಎಳೆದರು, ನಾನು ಮಾತಾಡಿದೆ. “ಈ ಮಣ್ಣಿನಲ್ಲಿ ಅವರಿದ್ದಾರೆ,” ಎಂದು ಹೇಳುವಾಗ ದನಿ ನಡುಗಿತು, ಜನ ಕಣ್ಣೊರೆಸಿಕೊಂಡರು. ಶ್ರೀಮತಿ ಫ್ರೀಸನ್ ಹೊಸ ಪ್ರಮಾಣಪತ್ರವನ್ನು ಎದೆಗೊತ್ತಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದಳು. ಡ್ವೇನ್ ಅವಳ ಪಕ್ಕ ಕೂತು ಬೂಟಿನ ತುದಿ ನೋಡಿಕೊಳ್ಳುತ್ತಿದ್ದ.

ಎಲ್ಲ ಚೆದುರಿದ ಮೇಲೆ ರೋಸಾಲಿ ಬಂದಳು. ಎರಡು ಕಾಫಿ ಡಬ್ಬಿಗೆ ಬೇಗಡೆ ಸುತ್ತಿ ಪಿಯೋನಿ ಹೂ ತುಂಬಿಕೊಂಡು ತಂದಿದ್ದಳು. ಒಂದನ್ನು ಆಗಲೇ ಚರಂಡಿಯ ಬದಿ ಇಟ್ಟು ಬಂದಿದ್ದಳು, ಬೂಟಿಗೆ ಕೆಸರಾಗಿತ್ತು. ಇನ್ನೊಂದನ್ನು ವೆಲ್ಡಾಳ ಕಲ್ಲಿನ ಮುಂದೆ ಇಟ್ಟಳು.

“ಚಿಕ್ಕಮ್ಮಾ, ನಿಮ್ಮ ಪತ್ರ ಬಂದಾಗ ಅಪ್ಪನಿಗೆ ನಾನೇ ಓದಿದೆ. ಅಪ್ಪ ಬೈಲಿಲ್ಲ. ‘ಅವಳು ಓದಿಲ್ಲ’ ಅಂದ್ರು, ಅಷ್ಟೇ. ಆಮೇಲೆ ಗೋಡೆ ಕಡೆ ತಿರುಗಿ ಮಲಗಿಬಿಟ್ರು. ಏನು ಓದೋದಿತ್ತು?”

“ಗೊತ್ತಿಲ್ಲಮ್ಮ. ಜ್ವರದಲ್ಲಿ ಏನೋ ಅಂದಿರ್ಬೇಕು.”

ಅವಳು ತಲೆಯಾಡಿಸಿದಳು. ಒಳ್ಳೆಯ ಹುಡುಗಿ, ಅಮ್ಮನ ಹಾಗೆ, ಹೇಳಿದ್ದನ್ನೆಲ್ಲ ನಂಬುತ್ತಾಳೆ. ಸಾಲಿನ ಉದ್ದಕ್ಕೂ ಕಣ್ಣಾಡಿಸಿ ಕೇಳಿದಳು.

“ಅಮ್ಮನ ಜೊತೆ ಇಲ್ಲಿ ಯಾರ್ಯಾರಿದ್ದಾರೆ? ನಂಗೆ ಹೆಸರೆಲ್ಲ ಸರಿಯಾಗಿ ಬರಲ್ಲ. ಇನ್ನೊಂದ್ಸಲ ಹೇಳಿ.”

ನಾನು ಹೇಳಿದೆ. ಆರು ವರ್ಷದವಳಾಗಿ ಒಪ್ಪಿಸಿದ ಹಾಗೆಯೇ, ಒಂದೊಂದು ಕಲ್ಲಿನ ಕಡೆಗೂ ಬೆರಳು ತೋರಿಸುತ್ತ ಹೇಳಿದೆ. ಎಬನ್, ತಿರ್ಜಾ, ಏಸಾ, ಲೀವೈ, ಡಾರ್ಕಸ್, ಹೋರೇಸ್, ಅವಳಿಗಳು ರೂಬೆನ್ ಮತ್ತು ರೋಡಾ, ಫೀಬಿ, ನಮ್ಮಜ್ಜ ಒರ್ಸನ್, ಹೆಸರಿಡದ ಕೂಸು. ಒಂದೂ ತಪ್ಪಲಿಲ್ಲ.

“ಸದ್ಯ,” ಎಂದಳು ರೋಸಾಲಿ, ಮೂಗೊರೆಸಿಕೊಳ್ಳುತ್ತ. “ಇಷ್ಟು ಜನ ಇದ್ದಾರಲ್ಲ. ಅಮ್ಮನಿಗೆ ಒಬ್ಬಳೇ ಮಲಗೋದು ಅಂದ್ರೆ ಕೊನೇವರೆಗೂ ಭಯ ಇತ್ತು.”